ಪೈಲಟ್ ಗೆದ್ದಿತು, ಯೋಜನೆ ಏಕೆ ನಿಂತಿತು?

ಪ್ರಶ್ನೆ: ನಾನು ವಿದ್ಯುತ್ ವಿತರಣಾ ಕಂಪನಿಯೊಂದರಲ್ಲಿ ಎಂಜಿನಿಯರ್. ಕೆಲವು ತಿಂಗಳ ಹಿಂದೆ ‘ಹೊಸ ತಂತ್ರಜ್ಞಾನ ವಿಭಾಗ’ ಎಂದು ಶುರುಮಾಡಿ ಅದರ ಹೊಣೆಯನ್ನು ನನಗೆ ವಹಿಸಿದ್ದಾರೆ. ಹಿಂದೆ ನಡೆದ ಪೈಲಟ್‌ಗಳ (ಸಣ್ಣ ಪ್ರಮಾಣದ ಪ್ರಾಯೋಗಿಕ ಯೋಜನೆಗಳ) ಕಡತ ತೆಗೆದು ನೋಡಿದರೆ ಎಲ್ಲದರ ಮೇಲೂ ‘ಯಶಸ್ವಿ’ ಎಂದೇ ಇದೆ. ಆದರೆ ಒಂದೂ ಮುಂದಕ್ಕೆ ಹೋಗಿಲ್ಲ. ಫೀಲ್ಡ್ ಸಿಬ್ಬಂದಿಗೆ ಇದೆಲ್ಲ ಇಲ್ಲದ ಕಿರಿಕಿರಿ. ಮಾರಾಟಗಾರರು ಮಾತ್ರ ಬರುತ್ತಲೇ ಇರುತ್ತಾರೆ. ಸದ್ಯಕ್ಕೆ ಒಬ್ಬರು, ಕೃತಕ ಬುದ್ಧಿಮತ್ತೆ ಬಳಸಿ ಯಾವ ಟ್ರಾನ್ಸ್‌ಫಾರ್ಮರ್ ಕೆಡಲಿದೆ ಎಂದು ಮೊದಲೇ ಹೇಳುತ್ತೇವೆ, ಆರು ತಿಂಗಳು ಉಚಿತವಾಗಿ ಬಳಸಿ ನೋಡಿ ಎನ್ನುತ್ತಿದ್ದಾರೆ. ಎಲ್ಲಿಂದ ಶುರುಮಾಡಲಿ? ಈ ಉಚಿತ ಕೊಡುಗೆಯನ್ನು ಒಪ್ಪಿಕೊಳ್ಳಬಹುದೇ?

ಉತ್ತರ: ಮೊದಲು ಆ ಕಡತಗಳಲ್ಲಿರುವ ‘ಯಶಸ್ವಿ’ ಎಂಬ ಪದವನ್ನೇ ಅನುಮಾನಿಸಿ. ಪೈಲಟ್ ನಡೆಸಿದವರೇ ವರದಿ ಬರೆದಿರುತ್ತಾರೆ, ಉಪಕರಣ ಕೊಟ್ಟವರೇ ಗ್ರಾಫ್ ಹಾಕಿಕೊಟ್ಟಿರುತ್ತಾರೆ, ಹಣ ಮಂಜೂರು ಮಾಡಿದ ಮೇಲಧಿಕಾರಿಯ ಎದುರು ‘ಇದು ಕೆಲಸಕ್ಕೆ ಬರಲಿಲ್ಲ ಸರ್’ ಎನ್ನಲು ಯಾರೂ ಮುಂದೆ ಬಂದಿರುವುದಿಲ್ಲ. ಸೋಲಲು ದಾರಿಯೇ ಇಲ್ಲದ ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗುತ್ತಾರೆ. ಹಾಗೆಂದು ಆ ಉಪಕರಣಗಳೆಲ್ಲ ಕಳಪೆ ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಉಪಕರಣಗಳು ಕ್ಯಾಟಲಾಗಿನಲ್ಲಿ ಹೇಳಿದ್ದನ್ನು ಮಾಡಿಯೇ ಇರುತ್ತವೆ. ತೊಂದರೆ ಇರುವುದು ಬೇರೆ ಕಡೆ: ಪೈಲಟ್ ಮುಗಿದ ಮರುದಿನ ಆ ವಸ್ತು ಯಾರದು ಎಂದು ಯಾರೂ ಬರೆದಿಟ್ಟಿರುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್‌ನ ಎಣ್ಣೆಯಲ್ಲಿ ಕರಗಿರುವ ಅನಿಲಗಳನ್ನು ಬಿಡುವಿಲ್ಲದೆ ಅಳೆಯುವ ಮಾನಿಟರ್ ಹಾಕಿದ್ದೀರಿ ಎಂದುಕೊಳ್ಳೋಣ. ಒಳಗೆ ಸಣ್ಣ ಪ್ರಮಾಣದ ಡಿಸ್ಚಾರ್ಜ್ ನಡೆಯುತ್ತಿದ್ದರೆ ಹೈಡ್ರೋಜನ್ ಏರುತ್ತದೆ, ಎಣ್ಣೆ ವಿಪರೀತ ಕಾಯುತ್ತಿದ್ದರೆ ಎಥಿಲೀನ್, ಆರ್ಕ್ ಹೊಡೆಯುತ್ತಿದ್ದರೆ ಅಸಿಟಿಲೀನ್. ವಿಜ್ಞಾನ ಹಳೆಯದು, ನಂಬಬಹುದಾದದ್ದು. ಪ್ರಯೋಗಾಲಯಕ್ಕೆ ಎಣ್ಣೆಯ ಮಾದರಿ ಕಳಿಸಿ ವರ್ಷಕ್ಕೊಮ್ಮೆ ನೋಡುವುದನ್ನು ಈ ಯಂತ್ರ ಕೆಲವು ಗಂಟೆಗಳಿಗೊಮ್ಮೆ ನೋಡುತ್ತದೆ, ಅಷ್ಟೇ. ಈಗ ಒಂದು ರಾತ್ರಿ ಎರಡು ಗಂಟೆಗೆ ಅಸಿಟಿಲೀನ್ ಏರಿತು, ಅಲಾರಂ ಬಂತು. ಎಲ್ಲಿಗೆ ಬಂತು? ಪೈಲಟ್ ಸಮಯದಲ್ಲಿ ತೆರೆದ ಒಂದು ಇಮೇಲ್ ಖಾತೆಗೆ. ಅದನ್ನು ನೋಡುತ್ತಿದ್ದ ಎಂಜಿನಿಯರ್‌ಗೆ ವರ್ಗವಾಗಿದೆ. ಶಿಫ್ಟ್‌ನಲ್ಲಿರುವ ಆಪರೇಟರ್‌ಗೆ ಆ ಮಾನಿಟರ್ ಇರುವುದೇ ಗೊತ್ತಿಲ್ಲ. ಗೊತ್ತಿದ್ದರೂ ಅಸಿಟಿಲೀನ್ ಎಷ್ಟಾದರೆ ಲೋಡ್ ಇಳಿಸಬೇಕು, ಎಷ್ಟಾದರೆ ಟ್ರಾನ್ಸ್‌ಫಾರ್ಮರನ್ನು ಲೈನಿನಿಂದ ತೆಗೆಯಬೇಕು ಎಂದು ಅವನಿಗೆ ಯಾರೂ ಬರೆದುಕೊಟ್ಟಿಲ್ಲ. ತಾನಾಗಿಯೇ ತೆಗೆದರೆ ಸಾವಿರಾರು ಮನೆ ಕತ್ತಲಾಗಿದ್ದಕ್ಕೆ ಉತ್ತರ ಕೊಡಬೇಕಾದವನು ಅವನೇ. ಹಾಗಾಗಿ ಅವನು ತೆಗೆಯುವುದಿಲ್ಲ. ಮಾನಿಟರ್ ತನ್ನ ಕೆಲಸ ಮಾಡಿತು, ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಇಲ್ಲಿ ಕೊರತೆಯಾಗಿದ್ದು ತಂತ್ರಜ್ಞಾನದ್ದಲ್ಲ. ಒಂದು ಪುಟದ ಕಾರ್ಯಾದೇಶದ್ದು.

ಆದ್ದರಿಂದ ನಿಮ್ಮ ವಿಭಾಗದ ಮೊದಲ ಕೆಲಸ ಹೊಸ ಐಡಿಯಾ ಹುಡುಕುವುದಲ್ಲ. ಐಡಿಯಾಗಳಿಗೆ ಬರವೇ ಇಲ್ಲ ಎನ್ನುವುದು ನಿಮ್ಮ ಬಾಗಿಲಿಗೆ ಬರುವ ಮಾರಾಟಗಾರರನ್ನು ನೋಡಿದರೇ ತಿಳಿಯುತ್ತದೆ. ಮೊದಲ ಕೆಲಸವೆಂದರೆ, ಪೈಲಟ್ ಶುರುವಾಗುವ ಮುನ್ನವೇ ಅದನ್ನು ಮುಂದೆ ವಹಿಸಿಕೊಳ್ಳುವವರ ಸಹಿ ಹಾಕಿಸಿಕೊಳ್ಳುವುದು. ನಿರ್ವಹಣಾ ವಿಭಾಗವೋ, ಪ್ರೊಟೆಕ್ಷನ್ ವಿಭಾಗವೋ, ಮೀಟರಿಂಗ್ ವಿಭಾಗವೋ, ಯಾರೇ ಇರಲಿ, ಮುಖ್ಯಸ್ಥರ ಹೆಸರು ಬೇಕು. ‘ಈ ಸಂಖ್ಯೆ ಇಷ್ಟು ಬಂದರೆ ನಮ್ಮ ಮುಂದಿನ ವರ್ಷದ ಬಜೆಟ್‌ನಲ್ಲಿ ಸೇರಿಸುತ್ತೇವೆ; ಇಷ್ಟಕ್ಕಿಂತ ಕಡಿಮೆ ಬಂದರೆ ಕಿತ್ತು ವಾಪಸ್ ಕೊಡುತ್ತೇವೆ’ ಎಂದು ಅವರೇ ಬರೆಯಬೇಕು. ಬರೆಯಲು ಯಾರೂ ಒಪ್ಪದಿದ್ದರೆ ಆ ಪೈಲಟ್ ಬೇಡ. ಕಠಿಣ ಎನಿಸಬಹುದು. ಆದರೆ ಬೇರೆ ವಿಭಾಗದವರು ಬೇಡವೆಂದು ಈಗಲೇ ಹೇಳುವುದು, ಒಂದು ವರ್ಷ ದುಡಿದ ಮೇಲೆ ಹೇಳುವುದಕ್ಕಿಂತ ಎಷ್ಟೋ ವಾಸಿ.

ಆ ‘ಸಂಖ್ಯೆ’ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ವಿತರಣಾ ಕಂಪನಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಹೊಸ ಉಪಕರಣ ಪರೀಕ್ಷಿಸಲು ಎಲ್ಲರೂ ಯಾವ ಫೀಡರ್ (ಉಪಕೇಂದ್ರದಿಂದ ಊರು-ಬೀದಿಗಳಿಗೆ ಕರೆಂಟ್ ಒಯ್ಯುವ ಲೈನ್) ಆರಿಸುತ್ತಾರೆ? ಹಿಂದಿನ ವರ್ಷ ಅತಿ ಹೆಚ್ಚು ಸಲ ಟ್ರಿಪ್ ಆದದ್ದನ್ನು, ಅಂದರೆ ದೋಷದಿಂದ ತಾನಾಗಿಯೇ ಬಂದ್ ಆದದ್ದನ್ನು. ಸಹಜವೇ. ಆದರೆ ಲೆಕ್ಕ ನೋಡಿ. ವರ್ಷಕ್ಕೆ ಸರಾಸರಿ 10 ಸಲ ಟ್ರಿಪ್ ಆಗುವ ಫೀಡರ್, ಯಾರೂ ಅದರ ತಂಟೆಗೆ ಹೋಗದಿದ್ದರೂ, ಒಂದು ವರ್ಷ 13 ಸಲ, ಇನ್ನೊಂದು ವರ್ಷ 7 ಸಲ ಟ್ರಿಪ್ ಆಗಬಹುದು. ಗಾಳಿ, ಮಳೆ, ಮರದ ಕೊಂಬೆ, ಹಕ್ಕಿ, ಅಳಿಲು, ಇವುಗಳ ಆಟ ಅದು. ಇಂಥ ನೂರಾರು ಫೀಡರ್‌ಗಳ ಪೈಕಿ ಕಳೆದ ವರ್ಷ ಅತಿ ಕೆಟ್ಟದ್ದಾಗಿದ್ದ ಒಂದನ್ನು ಆರಿಸಿದಿರಿ ಎಂದರೆ, ಆ ವರ್ಷ ಅದರ ಅದೃಷ್ಟವೂ ಕೆಟ್ಟಿತ್ತು ಎಂದೇ ಅರ್ಥ. ಮುಂದಿನ ವರ್ಷ ಅದು ತಾನಾಗಿಯೇ ತನ್ನ ಸರಾಸರಿಯತ್ತ ಇಳಿಯುವ ಸಾಧ್ಯತೆ ಹೆಚ್ಚು. ಕಂಬಕ್ಕೆ ನಿಂಬೆಹಣ್ಣು ಕಟ್ಟಿದರೂ ‘ಶೇ 30ರಷ್ಟು ಸುಧಾರಣೆ’ ಎಂದು ವರದಿ ಬರೆಯಬಹುದು. ನಿಮ್ಮ ಹಳೆಯ ಯಶಸ್ವಿ ಕಡತಗಳಲ್ಲಿ ಎಷ್ಟೋ ಯಶಸ್ಸುಗಳು ಇಂಥವೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ಒಂದೇ ಬಗೆಯ ಹತ್ತಿಪ್ಪತ್ತು ಫೀಡರ್‌ಗಳನ್ನು ಪಟ್ಟಿ ಮಾಡಿ, ಚೀಟಿ ಎತ್ತಿ ಅರ್ಧಕ್ಕೆ ಉಪಕರಣ ಹಾಕಿ, ಉಳಿದರ್ಧವನ್ನು ಹಾಗೇ ಬಿಟ್ಟು, ಎರಡು ಗುಂಪುಗಳನ್ನೂ ಅದೇ ಅವಧಿಯಲ್ಲಿ ಹೋಲಿಸಿ.

ಅಳೆಯಬೇಕಾದ್ದು ಏನು ಎಂಬುದೂ ಮುಖ್ಯ. ಓವರ್‌ಹೆಡ್ ಲೈನಿನ ಕವಲುಗಳಲ್ಲಿ ಹಾಕುವ ಫಾಲ್ಟ್ (ಲೈನ್ ದೋಷ) ಇಂಡಿಕೇಟರ್ ನಿಮಗೆ ಗೊತ್ತೇ ಇದೆ. ತಂತಿಗೆ ಕಚ್ಚಿಕೊಂಡಿರುವ ಸಣ್ಣ ಡಬ್ಬಿ. ತನ್ನ ಮೂಲಕ ಫಾಲ್ಟ್ ಕರೆಂಟ್ ಹರಿದು ಸರಬರಾಜು ನಿಂತರೆ ಕೆಂಪು ದೀಪ ಮಿನುಗುತ್ತದೆ. ಅದು ಟ್ರಿಪ್‌ಗಳನ್ನು ಕಡಿಮೆ ಮಾಡುವುದಿಲ್ಲ, ಮಾಡಲು ಸಾಧ್ಯವೂ ಇಲ್ಲ. ಅದು ಉಳಿಸುವುದು ಲೈನ್‌ಮ್ಯಾನ್ ಫಾಲ್ಟ್ ಹುಡುಕುತ್ತ ಅಲೆಯುವ ಸಮಯವನ್ನು. ಅಂದರೆ ಟ್ರಿಪ್ ಆದ ಕ್ಷಣದಿಂದ ‘ಸಿಕ್ಕಿತು, ಇಂಥ ಕಂಬದಲ್ಲಿ’ ಎಂಬ ಫೋನ್ ಬರುವವರೆಗಿನ ನಿಮಿಷಗಳು ನಿಮಗೆ ಬೇಕು. ಈಗ ನಿಮ್ಮ ಉಪಕೇಂದ್ರದ ಲಾಗ್‌ಬುಕ್ ತೆರೆದು ನೋಡಿ. ಟ್ರಿಪ್ ಆದ ಸಮಯ ಇದೆ, ಚಾರ್ಜ್ ಮಾಡಿದ (ಮತ್ತೆ ಕರೆಂಟ್ ಕೊಟ್ಟ) ಸಮಯ ಇದೆ. ಫಾಲ್ಟ್ ಸಿಕ್ಕ ಸಮಯ ಬರೆಯಲು ಕಾಲಮ್ಮೇ ಇಲ್ಲದಿರಬಹುದು. ಹಾಗಿದ್ದರೆ ಮೊದಲ ಕೆಲವು ತಿಂಗಳು ಯಾವ ಉಪಕರಣವನ್ನೂ ಹಾಕದೆ ಆ ಒಂದು ಕಾಲಮ್ ಸೇರಿಸಿ ಬರೆಸಿ. ಮೇಲಿನವರಿಗೆ ಇದು ನಾವೀನ್ಯ ಎನಿಸುವುದಿಲ್ಲ, ಉದ್ಘಾಟನೆ ಮಾಡಲು ಏನೂ ಇರುವುದಿಲ್ಲ. ಆದರೂ ಮಾಡಿಸಿ.

ಇನ್ನು ತಾಂತ್ರಿಕ ತೊಡಕುಗಳು. ಫೀಡರನ್ನು ಮತ್ತೆ ಚಾರ್ಜ್ ಮಾಡುವಾಗ ಅದರ ಮೇಲಿನ ಟ್ರಾನ್ಸ್‌ಫಾರ್ಮರ್‌ಗಳೆಲ್ಲ ಒಮ್ಮೆಲೇ ಎಳೆಯುವ ಇನ್‌ರಶ್ ಕರೆಂಟ್‌ಗೆ ಕೆಲವು ಇಂಡಿಕೇಟರ್‌ಗಳು ಮೋಸಹೋಗಿ ಮಿನುಗುತ್ತವೆ. ನ್ಯೂಟ್ರಲ್ ಅನ್ನು ಕಾಯಿಲ್ ಮೂಲಕ ಅರ್ಥ್ ಮಾಡಿರುವ ಜಾಲದಲ್ಲಿ ಅರ್ಥ್ ಫಾಲ್ಟ್ ಕರೆಂಟ್ ತೀರಾ ಕಡಿಮೆ, ಸಾಮಾನ್ಯ ಇಂಡಿಕೇಟರ್‌ಗೆ ಅದು ಕಾಣಿಸುವುದೇ ಇಲ್ಲ. ಬ್ಯಾಟರಿಗೆ ಅದರದೇ ಆಯುಷ್ಯ. ಕತ್ತಲಲ್ಲಿ, ಮಳೆಯಲ್ಲಿ, ಮಿನುಗಿದ ದೀಪ ನಂಬಿ ಹೋದ ಲೈನ್‌ಮ್ಯಾನ್‌ಗೆ ಎರಡು ಸಲ ಅಲ್ಲಿ ಏನೂ ಸಿಗದಿದ್ದರೆ ಮೂರನೆಯ ಸಲ ಅವನು ತಲೆ ಎತ್ತಿ ನೋಡುವುದೂ ಇಲ್ಲ. ಅವನದು ತಪ್ಪೆಂದು ನಾನು ಹೇಳಲಾರೆ. ಪೈಲಟ್ ವರದಿಯಲ್ಲಿ ‘ಎಷ್ಟು ಸಲ ಸರಿಯಾಗಿ ತೋರಿಸಿತು’ ಎನ್ನುವುದರ ಪಕ್ಕದಲ್ಲೇ ‘ಎಷ್ಟು ಸಲ ಸುಳ್ಳು ಹೇಳಿತು’ ಎನ್ನುವುದೂ ಇರಲೇಬೇಕು.

ನೀವು ಕೇಳದಿದ್ದರೂ ಹೇಳಬೇಕಾದ ಇನ್ನೊಂದು ವಿಷಯವಿದೆ. ವಿದ್ಯುತ್ ಕಂಪನಿಗಳು ಹೊಸದಕ್ಕೆ ಹಿಂದೇಟು ಹಾಕುತ್ತವೆ ಎಂದು ಎಲ್ಲರೂ ಬೈಯುತ್ತಾರೆ. ಅರ್ಧ ಬೈಗುಳ ನ್ಯಾಯ, ಇನ್ನರ್ಧ ಅಲ್ಲ. ಟ್ರಾನ್ಸ್‌ಫಾರ್ಮರ್ ನಲವತ್ತು ವರ್ಷ ಇರುತ್ತದೆ, ಅದರ ಪಕ್ಕದ ಡಿಜಿಟಲ್ ರಿಲೇ (ದೋಷ ಕಂಡು ಲೈನ್ ಕಡಿಯಲು ಹೇಳುವ ಉಪಕರಣ) ಹದಿನೈದಿಪ್ಪತ್ತು ವರ್ಷ, ಮೀಟರಿನೊಳಗಿನ ಮೊಬೈಲ್ ಮೋಡೆಮ್ ಅದಕ್ಕಿಂತಲೂ ಕಡಿಮೆ. ಮೊಬೈಲ್ ಕಂಪನಿ ತನ್ನ ಹಳೆಯ ತಲೆಮಾರಿನ ಜಾಲವನ್ನು ಮುಚ್ಚಿದ ದಿನ ನಿಮ್ಮ ಲಕ್ಷಾಂತರ ಮೀಟರ್‌ಗಳು ಕರೆಂಟ್ ಎಣಿಸುತ್ತವೆ, ಮಾತು ಮಾತ್ರ ನಿಲ್ಲಿಸುತ್ತವೆ. ಬ್ರಿಟನ್ನಿನ ಮೊದಲ ತಲೆಮಾರಿನ ಸ್ಮಾರ್ಟ್ ಮೀಟರ್‌ಗಳಿಗೆ ಇನ್ನೊಂದು ಬಗೆಯಲ್ಲಿ ಹೀಗಾಯಿತು. ಗ್ರಾಹಕರು ಸರಬರಾಜು ಕಂಪನಿ ಬದಲಿಸಿದಾಗ, ಹಳೆಯ ಕಂಪನಿಯ ಮೀಟರ್ ಹೊಸ ಕಂಪನಿಯ ವ್ಯವಸ್ಥೆಯೊಂದಿಗೆ ಮಾತಾಡಲಾರದೆ ಎಷ್ಟೋ ಮನೆಗಳಲ್ಲಿ ಅದು ಮಾಮೂಲಿ ಮೀಟರ್ ಆಗಿಬಿಟ್ಟಿತು. ಮೀಟರ್‌ಗೆ ಡಿಎಲ್‌ಎಂಎಸ್, ಉಪಕೇಂದ್ರದ ಉಪಕರಣಗಳಿಗೆ ಐಇಸಿ 61850, ಇಂಥ ಮುಕ್ತ ಮಾನದಂಡಗಳನ್ನು ಟೆಂಡರ್‌ನಲ್ಲಿ ಒತ್ತಿ ಕೇಳುವುದು ಇದಕ್ಕೇ. ‘ನಮ್ಮದು ಆ ಮಾನದಂಡಕ್ಕೆ ಹೊಂದುತ್ತದೆ’ ಎಂಬ ಪತ್ರ ಸಾಲದು. ಎರಡು ಬೇರೆ ಕಂಪನಿಗಳ ಉಪಕರಣವನ್ನು ನಿಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟು ಒಂದಕ್ಕೊಂದು ಮಾತಾಡಿಸಿ ನೋಡಬೇಕು.

ಹತ್ತು ಉಪಕರಣ ಹಾಕಿದಾಗ ಕಾಣದ ಅಪಾಯ ಹತ್ತು ಲಕ್ಷ ಹಾಕಿದಾಗ ಕಾಣುತ್ತದೆ. ಇದಕ್ಕೆ ಜರ್ಮನಿಯ 50.2 ಹರ್ಟ್ಸ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅಲ್ಲಿ ಮನೆಯ ಮೇಲಿನ ಸೌರ ಘಟಕಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಒಂದು ನಿಯಮವಿತ್ತು: ಜಾಲದ ಆವರ್ತನ 50.2 ಹರ್ಟ್ಸ್ ದಾಟಿದರೆ ಇನ್ವರ್ಟರ್ (ಸೌರ ಫಲಕದ ಕರೆಂಟನ್ನು ಜಾಲಕ್ಕೆ ಹೊಂದಿಸುವ ಸಾಧನ) ತಕ್ಷಣ ಜಾಲದಿಂದ ಕಳಚಿಕೊಳ್ಳಬೇಕು. ಸುರಕ್ಷತೆಯ ದೃಷ್ಟಿಯಿಂದ ಆಗ ಅದು ಸರಿಯೇ. ಆದರೆ ಘಟಕಗಳು ಸಾವಿರಾರು ಮೆಗಾವ್ಯಾಟ್‌ಗೆ ಬೆಳೆದಾಗ ಅದೇ ನಿಯಮ ಕುತ್ತಾಯಿತು. ಬಿಸಿಲಿನ ಮಧ್ಯಾಹ್ನ ಆವರ್ತನ ಸ್ವಲ್ಪ ಏರಿದರೆ ದೇಶದ ಸೌರ ಉತ್ಪಾದನೆಯ ದೊಡ್ಡ ಪಾಲು ಒಂದೇ ಕ್ಷಣಕ್ಕೆ ಮಾಯ. ಯುರೋಪ್ ಖಂಡದ ಜಾಲ ಹಠಾತ್ ನಷ್ಟಕ್ಕೆಂದು ಸಿದ್ಧವಾಗಿಟ್ಟುಕೊಳ್ಳುತ್ತಿದ್ದ ಮೀಸಲು 3,000 ಮೆಗಾವ್ಯಾಟ್. ಕಳಚಿಕೊಳ್ಳಬಹುದಾಗಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಕೊನೆಗೆ 2012ರಲ್ಲಿ ಕಾನೂನು ತಂದು ಸುಮಾರು 3 ಲಕ್ಷ 15 ಸಾವಿರ ಘಟಕಗಳ ಸೆಟ್ಟಿಂಗ್ ಬದಲಿಸುವ ಕೆಲಸಕ್ಕೆ ಕೈಹಾಕಬೇಕಾಯಿತು. ಯಾವ ಇನ್ವರ್ಟರ್ ಕೂಡ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಎಲ್ಲವೂ ನಿಯಮದಂತೆಯೇ, ಒಂದೇ ಥರ, ಒಂದೇ ಹೊತ್ತಿಗೆ ನಡೆದುಕೊಳ್ಳಲು ಸಿದ್ಧವಾಗಿದ್ದವು.

ಜರ್ಮನಿಯಲ್ಲಿ ಅನಾಹುತಕ್ಕೆ ಮೊದಲೇ ಎಚ್ಚೆತ್ತರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಘಟನೆ ನಡೆದ ಮೇಲೆ ತಿಳಿಯಿತು. 2016ರ ಆಗಸ್ಟ್ 16ರಂದು ಬ್ಲೂ ಕಟ್ ಎಂಬ ಕಾಡ್ಗಿಚ್ಚಿನಿಂದ ಅಲ್ಲಿನ ಪ್ರಸರಣ ಲೈನ್‌ಗಳಲ್ಲಿ ಫಾಲ್ಟ್‌ಗಳಾದವು. ಪ್ರೊಟೆಕ್ಷನ್ (ದೋಷವಾದ ಲೈನನ್ನು ಕಡಿಯುವ ವ್ಯವಸ್ಥೆ) ಸರಿಯಾಗಿಯೇ ಕೆಲಸ ಮಾಡಿ ಫಾಲ್ಟ್ ತೆರವಾಯಿತು. ಆದರೆ ಆ ಕ್ಷಣದ ವಕ್ರವಾದ ವೋಲ್ಟೇಜ್ ಅಲೆಯನ್ನು ಹಲವು ಸೌರ ಇನ್ವರ್ಟರ್‌ಗಳು ‘ಆವರ್ತನ ಕುಸಿದಿದೆ’ ಎಂದು ತಪ್ಪಾಗಿ ಓದಿ ಕಳಚಿಕೊಂಡವು. ಬೇರೆ ಕೆಲವು ವೋಲ್ಟೇಜ್ ಕುಸಿತ ಕಂಡು ನಿಂತವು. ಒಟ್ಟು ಸುಮಾರು 1,200 ಮೆಗಾವ್ಯಾಟ್ ಹೋಯಿತು. ನಿಜವಾದ ಆವರ್ತನ ಅಷ್ಟೇನೂ ಕುಸಿದಿರಲಿಲ್ಲ. ಹಾಗಾಗಿ ಪೈಲಟ್ ವರದಿ ಓದುವಾಗ ನೀವು ಕೇಳಬೇಕಾದ ಪ್ರಶ್ನೆ ಇದು: ಇಂಥವು ಒಂದು ಲಕ್ಷ ಇದ್ದು, ಎಲ್ಲವೂ ಒಂದೇ ಕ್ಷಣದಲ್ಲಿ ಒಂದೇ ತಪ್ಪು ಮಾಡಿದರೆ ಏನಾಗುತ್ತದೆ? ದೂರದಿಂದ ಸಾಫ್ಟ್‌ವೇರ್ ಬದಲಿಸಲು ಬರುತ್ತದೆಯೇ, ಬಂದರೆ ಆ ಕೀಲಿ ಯಾರ ಕೈಯಲ್ಲಿದೆ? ಸಾಮೂಹಿಕ ಅಳವಡಿಕೆಯನ್ನು ಒಂದೇ ಏಟಿಗೆ ಮಾಡದೆ, ಮೊದಲು ಒಂದು ವಿಭಾಗ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದ ಮೇಲೆ ಮುಂದಿನ ವಿಭಾಗ ಎಂದು ಮಾಡುವುದು ಹೇಡಿತನವಲ್ಲ.

ಹಣದ ಮಾತಿಗೆ ಬರೋಣ. ಪೈಲಟ್‌ಗಳು ಸಾಯುವ ಇನ್ನೊಂದು ಜಾಗ ಲೆಕ್ಕಪತ್ರ ವಿಭಾಗ. ದರ ನಿಯಂತ್ರಣ ಆಯೋಗದ ಅಡಿ ಕೆಲಸ ಮಾಡುವ ಕಂಪನಿಗೆ ಸಾಮಾನ್ಯವಾಗಿ ಬಂಡವಾಳ ವೆಚ್ಚದ ಮೇಲೆ ಪ್ರತಿಫಲ ಸಿಗುತ್ತದೆ. ನಿರ್ವಹಣಾ ವೆಚ್ಚ ಬಂದಷ್ಟಕ್ಕೆ ಹೋದಷ್ಟು. ಹೀಗಿದ್ದರೆ ಕಂಪನಿಗೆ ಬಂಡವಾಳ ಸುರಿಯುವುದರತ್ತಲೇ ವಾಲು ಬರುತ್ತದೆ ಎಂದು ಅವರ್ಚ್ ಮತ್ತು ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ತೋರಿಸಿದ್ದರು. ಇಂದಿನ ಹೊಸ ತಂತ್ರಜ್ಞಾನವೋ, ಬಹುಪಾಲು ಸಾಫ್ಟ್‌ವೇರ್ ಬಾಡಿಗೆ, ಡೇಟಾ ಶುಲ್ಕ, ಗ್ರಾಹಕರಿಗೆ ಲೋಡ್ ತಗ್ಗಿಸಲು ಕೊಡುವ ಪ್ರೋತ್ಸಾಹಧನ. ಎಲ್ಲವೂ ನಿರ್ವಹಣಾ ವೆಚ್ಚ. ಹೊಸ ಉಪಕೇಂದ್ರ ಕಟ್ಟಿದರೆ ಲಾಭ, ಉಪಕೇಂದ್ರವೇ ಬೇಡವಾಗುವಂತೆ ಮಾಡಿದರೆ ನಷ್ಟ ಎನ್ನುವ ವಿಚಿತ್ರ ಸ್ಥಿತಿ.

ನ್ಯೂಯಾರ್ಕ್‌ನಲ್ಲಿ ಇದನ್ನು ನೇರವಾಗಿ ಎದುರಿಸಿದರು. ಬ್ರೂಕ್ಲಿನ್ ಮತ್ತು ಕ್ವೀನ್ಸ್‌ನ ಒಂದು ಭಾಗಕ್ಕೆ ಸುಮಾರು 100 ಕೋಟಿ ಡಾಲರ್‌ನ ಉಪಕೇಂದ್ರ ಬೇಕಾಗಿತ್ತು. ಅದರ ಬದಲು 52 ಮೆಗಾವ್ಯಾಟ್ ಲೋಡನ್ನು ದಕ್ಷ ದೀಪ, ಬ್ಯಾಟರಿ, ಬೇಡಿಕೆ ತಗ್ಗಿಸುವಿಕೆ ಮುಂತಾದವುಗಳಿಂದ ನಿಭಾಯಿಸುತ್ತೇವೆ ಎಂದು ಅಲ್ಲಿನ ವಿದ್ಯುತ್ ಕಂಪನಿ ಕಾನ್ ಎಡಿಸನ್ ಮುಂದೆ ಬಂತು. 2014ರಲ್ಲಿ ಆಯೋಗ 20 ಕೋಟಿ ಡಾಲರ್ ಒಪ್ಪಿಗೆ ಕೊಟ್ಟಿತು. ಅದಕ್ಕಿಂತ ಮುಖ್ಯವಾದ ಸಂಗತಿ, ಆ ವೆಚ್ಚವನ್ನು ಹತ್ತು ವರ್ಷಕ್ಕೆ ಹರಡಿ, ಅದರ ಮೇಲೂ ಬಂಡವಾಳದ ಹಾಗೆಯೇ ಪ್ರತಿಫಲ ಪಡೆಯಲು ಅವಕಾಶ ಕೊಟ್ಟಿತು. ಉಪಕೇಂದ್ರ ಕಟ್ಟುವುದನ್ನು ಮುಂದೂಡಲು ಸಾಧ್ಯವಾಯಿತು. ಆ ದೀಪವಾಗಲಿ ಬ್ಯಾಟರಿಯಾಗಲಿ ಹೊಸ ಆವಿಷ್ಕಾರಗಳಲ್ಲ. ಹೊಸತಾಗಿದ್ದದ್ದು ಆದೇಶದ ಆ ಒಂದು ಭಾಗ.

ಬ್ರಿಟನ್ನಿನಲ್ಲಿ 1990ರ ಖಾಸಗೀಕರಣದ ನಂತರ ವಿತರಣಾ ಕಂಪನಿಗಳ ಸಂಶೋಧನಾ ವೆಚ್ಚ ತಳ ಕಂಡಿತ್ತು. ವೆಚ್ಚ ಕಡಿಮೆ ಮಾಡಿದವನಿಗೆ ಬಹುಮಾನ ಎಂದರೆ ಮೊದಲು ಕತ್ತರಿ ಬೀಳುವುದು ಸಂಶೋಧನೆಗೇ. ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2005ರಲ್ಲಿ ಆದಾಯದ ಶೇ 0.5ರವರೆಗೆ ಪ್ರಯೋಗಗಳಿಗೆ ಬಳಸಬಹುದು ಎಂದಿತು. 2010ರಿಂದ ಐದು ವರ್ಷಕ್ಕೆ 50 ಕೋಟಿ ಪೌಂಡ್‌ನ ನಿಧಿ ತೆರೆಯಿತು. ಹಣ ಪಡೆದವರು ಕಲಿತದ್ದನ್ನು ಉಳಿದ ಕಂಪನಿಗಳಿಗೂ ತಿಳಿಸಬೇಕು ಎಂಬ ಷರತ್ತು ಅದರಲ್ಲಿತ್ತು. ನನಗೆ ಹಣಕ್ಕಿಂತ ಆ ಷರತ್ತು ಹೆಚ್ಚು ಬೆಲೆಯುಳ್ಳದ್ದು ಎನಿಸುತ್ತದೆ. ನಿಮ್ಮ ಆಯೋಗದಲ್ಲಿ ಇಂಥ ಅವಕಾಶ ಇದೆಯೇ ನೋಡಿ. ಇಲ್ಲದಿದ್ದರೆ, ಮುಂದಿನ ದರ ಪರಿಷ್ಕರಣೆ ಅರ್ಜಿಯಲ್ಲಿ ಕೇಳಲು ನಿಮ್ಮ ಹಣಕಾಸು ವಿಭಾಗದವರನ್ನು ಈಗಿನಿಂದಲೇ ಜೊತೆಗೆ ಕೂರಿಸಿಕೊಳ್ಳಿ. ಎಂಜಿನಿಯರ್‌ಗಳು ಅವರನ್ನು ಕೊನೆಗೆ ಕರೆಯುತ್ತಾರೆ, ಆಮೇಲೆ ‘ಫೈನಾನ್ಸ್‌ನವರು ತಡೆದರು’ ಎನ್ನುತ್ತಾರೆ.

ಎಲ್ಲದರಲ್ಲೂ ಮೊದಲಿಗರಾಗಬೇಕೇ? ಬೇಕಿಲ್ಲ. ವಿದ್ಯುತ್ ಕಂಪನಿಗಳಿಗೆ ಇರುವ ಒಂದು ಸೌಲಭ್ಯವೆಂದರೆ ಪಕ್ಕದ ಕಂಪನಿ ಸಾಮಾನ್ಯವಾಗಿ ಪ್ರತಿಸ್ಪರ್ಧಿಯಲ್ಲ. ಅವರು ಕಲಿತದ್ದನ್ನು ಕೇಳಿದರೆ ಹೇಳುತ್ತಾರೆ. 1965ರ ನವೆಂಬರ್‌ನಲ್ಲಿ ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂದು ಭಾಗದಲ್ಲಿ ಮೂರು ಕೋಟಿ ಜನ ಕತ್ತಲಲ್ಲಿ ಉಳಿದ ಮೇಲೆ ಸಂಶೋಧನೆಯ ಕೊರತೆಯ ಬಗ್ಗೆ ಚರ್ಚೆ ಎದ್ದು, ಅಲ್ಲಿನ ಕಂಪನಿಗಳು ಕೈಗೂಡಿಸಿ 1972ರಲ್ಲಿ ಇಪಿಆರ್‌ಐ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದ್ದು ಈ ಲೆಕ್ಕಾಚಾರದ ಮೇಲೆಯೇ. ತಂತ್ರಜ್ಞಾನ ಹಣ್ಣಾಗುವುದಕ್ಕೂ ಸಮಯ ಬೇಕು. ಜಾಲದ ಬೇರೆ ಬೇರೆ ಜಾಗಗಳ ವೋಲ್ಟೇಜ್ ಕೋನವನ್ನು ಜಿಪಿಎಸ್ ಗಡಿಯಾರದ ಸಹಾಯದಿಂದ ಒಂದೇ ಕ್ಷಣಕ್ಕೆ ಅಳೆಯುವ ಫೇಸರ್ ಮಾಪಕವನ್ನು ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ ಅವರ ತಂಡ ವರ್ಜೀನಿಯಾ ಟೆಕ್‌ನಲ್ಲಿ 1988ರಲ್ಲೇ ಮಾಡಿ ತೋರಿಸಿತು. ಉತ್ತರ ಅಮೆರಿಕದ ಜಾಲದಲ್ಲಿ ಅದು ದೊಡ್ಡ ಸಂಖ್ಯೆಯಲ್ಲಿ ಕೂತದ್ದು 2003ರ ಮಹಾ ಕತ್ತಲು, 2009ರ ಸರ್ಕಾರಿ ಅನುದಾನ, ಇವೆಲ್ಲ ಆದ ಮೇಲೆ. ಇಪ್ಪತ್ತು ವರ್ಷ ಕಾದವರು ದಡ್ಡರು ಎನ್ನುವಂತಿಲ್ಲ. ಸಂವಹನ ಜಾಲ, ಡೇಟಾ ನೋಡುವ ಸಾಫ್ಟ್‌ವೇರ್, ನೋಡಲು ತಿಳಿದ ಆಪರೇಟರ್, ಮೂರೂ ಕೂಡಿ ಬರಬೇಕಿತ್ತು.

ಮೊದಲಿಗರಾಗಬೇಕಾದ್ದು ನಿಮ್ಮದೇ ನೋವು ಎಲ್ಲಿದೆಯೋ ಅಲ್ಲಿ. ಇಟಲಿಯ ವಿದ್ಯುತ್ ಕಂಪನಿ ಎನೆಲ್ 2001ರಲ್ಲಿ ಮೀಟರ್ ಬದಲಿಸಲು ಹೊರಟು ಕೆಲವೇ ವರ್ಷಗಳಲ್ಲಿ ಸುಮಾರು ಮೂರು ಕೋಟಿ ಗ್ರಾಹಕರನ್ನು ಮುಟ್ಟಿತು. ಆಗ ಯಾವ ಕಡ್ಡಾಯವೂ ಇರಲಿಲ್ಲ. ನಿಯಂತ್ರಕರ ಆದೇಶ ಬಂದದ್ದು 2006ರಲ್ಲಿ. ರೀಡಿಂಗ್‌ಗೆ ಮನೆಮನೆ ಅಲೆಯುವುದು, ಸಂಪರ್ಕ ಕಡಿತ, ಕಳವು, ಇವುಗಳ ಖರ್ಚೇ ಅವರನ್ನು ಹೊರಡಿಸಿತ್ತು, ಲೆಕ್ಕವೂ ಕೂಡಿತು. ನೆದರ್ಲೆಂಡ್ಸ್‌ನಲ್ಲಿ ಮೇಲಿನಿಂದ ಕಡ್ಡಾಯ ಮಾಡಲು ಹೋದಾಗ, ಮನೆಯೊಳಗಿನ ಬದುಕು ಮೀಟರ್ ಮೂಲಕ ಬಯಲಾಗುತ್ತದೆ ಎಂಬ ಆಕ್ಷೇಪಕ್ಕೆ ಮಣಿದು 2009ರಲ್ಲಿ ಸಂಸತ್ತಿನ ಮೇಲ್ಮನೆ ಅದನ್ನು ತಡೆಯಿತು. ಆಮೇಲೆ ಬೇಕಿದ್ದವರಿಗೆ ಮಾತ್ರ ಎಂದು ಬದಲಿಸಬೇಕಾಯಿತು.

ಫೀಲ್ಡ್ ಸಿಬ್ಬಂದಿಯ ಬಗ್ಗೆ ಬರೆದಿದ್ದೀರಿ. ‘ಅವರಿಗೆ ತರಬೇತಿ ಕೊಡಿ’ ಎಂದು ಹೇಳಿ ಕೈತೊಳೆದುಕೊಳ್ಳಬಹುದು, ಆದರೆ ತರಬೇತಿ ಇಲ್ಲಿಯ ಮುಖ್ಯ ಕೊರತೆಯಲ್ಲ. ಹೊಸ ಆ್ಯಪ್ ಬಂದ ಮೇಲೂ ಹಳೆಯ ರಿಜಿಸ್ಟರ್ ಬರೆಯುವುದು ನಿಲ್ಲದಿದ್ದರೆ ಅವರ ಕೆಲಸ ಎರಡರಷ್ಟಾಯಿತು ಎಂದೇ ಲೆಕ್ಕ. ಹಾಗಾಗಿ ನಿಮ್ಮ ಪ್ರತಿ ಪ್ರಸ್ತಾವದಲ್ಲೂ ‘ಇದು ಬಂದರೆ ಏನನ್ನು ನಿಲ್ಲಿಸುತ್ತೇವೆ’ ಎಂಬ ಸಾಲು ಇರಲಿ. ಉಪಕರಣ ಆರಿಸುವಾಗ ಒಬ್ಬ ಅನುಭವಿ ಲೈನ್‌ಮ್ಯಾನ್ ಅನ್ನೂ ಒಬ್ಬ ಶಿಫ್ಟ್ ಆಪರೇಟರ್ ಅನ್ನೂ ಸಮಿತಿಯಲ್ಲಿ ಕೂರಿಸಿ, ‘ಇದು ಬೇಡ’ ಎನ್ನುವ ಹಕ್ಕನ್ನೂ ಕೊಡಿ. ಅವರು ಕೇಳುವುದು ಇಂಥ ಪ್ರಶ್ನೆಗಳು: ಕೈಗವಸು ಹಾಕಿಕೊಂಡು ಈ ಗುಂಡಿ ಒತ್ತಲು ಬರುತ್ತದೆಯೇ? ಬಿಸಿಲಲ್ಲಿ ಈ ಪರದೆ ಕಾಣುತ್ತದೆಯೇ? ಏಣಿ ಮೇಲಿಂದ ಇದನ್ನು ಬಿಚ್ಚುವುದು ಹೇಗೆ? ಕ್ಯಾಟಲಾಗಿನಲ್ಲಿ ಉತ್ತರವಿಲ್ಲದ ಪ್ರಶ್ನೆಗಳು ಇವೇ.

ಇನ್ನೊಂದು, ಅವರ ಹಳೆಯ ಕೌಶಲವನ್ನು ಮೂಲೆಗೆ ಹಾಕಬೇಡಿ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ನಿಯಂತ್ರಣ ವ್ಯವಸ್ಥೆಯೊಳಗೆ ನುಗ್ಗಿದ ದಾಳಿಕೋರರು ದೂರದಿಂದಲೇ ಬ್ರೇಕರ್‌ಗಳನ್ನು ತೆರೆದರು, ಅಂದರೆ ಲೈನ್‌ಗಳನ್ನು ಕಡಿದರು. ಸುಮಾರು 2 ಲಕ್ಷ 25 ಸಾವಿರ ಗ್ರಾಹಕರಿಗೆ ಕರೆಂಟ್ ಹೋಯಿತು. ಉಪಕೇಂದ್ರಗಳ ಸಂವಹನ ಉಪಕರಣದ ಸಾಫ್ಟ್‌ವೇರ್ ಅನ್ನೂ ಅವರು ಹಾಳುಮಾಡಿದ್ದರಿಂದ ಕಂಪ್ಯೂಟರ್ ಮುಂದೆ ಕೂತು ಏನೂ ಮಾಡುವಂತಿರಲಿಲ್ಲ. ಸಿಬ್ಬಂದಿ ಗಾಡಿ ಹತ್ತಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಕೆಲವೇ ಗಂಟೆಗಳಲ್ಲಿ ಸರಬರಾಜು ಮರಳಿತು. ಎಲ್ಲವೂ ಯಾಂತ್ರೀಕೃತವಾಗಿ ಕೈಯಿಂದ ಹಾಕುವುದು ಯಾರಿಗೂ ಗೊತ್ತಿಲ್ಲದ ಕಂಪನಿಯಲ್ಲಿ ಇದು ಆಗಿದ್ದರೆ? ಸ್ಕಾಡಾ (ಜಾಲವನ್ನು ದೂರದಿಂದ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಇಲ್ಲದೆ ಒಂದು ದಿನ ಜಾಲ ನಡೆಸುವ ಅಭ್ಯಾಸವನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಈ ಕಸರತ್ತಿಗೂ ನಿಮ್ಮ ವಿಭಾಗವೇ ಹೊಣೆಯಾಗಲಿ, ಏಕೆಂದರೆ ಆ ಅವಲಂಬನೆಯನ್ನು ತರುತ್ತಿರುವವರು ನೀವೇ.

ಇನ್ನು ಆ ಕೃತಕ ಬುದ್ಧಿಮತ್ತೆಯವರ ಉಚಿತ ಕೊಡುಗೆ. ಉಚಿತ ಎಂದ ಕೂಡಲೇ ಟೆಂಡರ್ ಗೊಡವೆ ಇಲ್ಲ ಎಂದು ಎಲ್ಲರಿಗೂ ಖುಷಿ. ಆದರೆ ನಿಮ್ಮ ಡೇಟಾ ಅವರ ಕೈಗೆ ಹೋಗುತ್ತದೆ, ನಿಮ್ಮ ಜನರ ಆರು ತಿಂಗಳು ಹೋಗುತ್ತದೆ, ಮುಂದೆ ಟೆಂಡರ್ ಕರೆದಾಗ ‘ಆಗಲೇ ಬಳಸಿದ್ದೇವಲ್ಲ’ ಎಂದು ಅವರ ಉತ್ಪನ್ನದ ಲಕ್ಷಣಗಳೇ ನಿಮ್ಮ ಷರತ್ತುಗಳಾಗುತ್ತವೆ. ಡೇಟಾ ಯಾರದು, ಮುಗಿದ ಮೇಲೆ ಅಳಿಸುತ್ತಾರೆಯೇ, ಬೇರೆಯವರಿಗೆ ಮಾರುವ ಮಾಡೆಲ್ ತಯಾರಿಸಲು ಅದನ್ನು ಬಳಸುತ್ತಾರೆಯೇ, ಇವು ಲಿಖಿತದಲ್ಲಿ ಇರದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಅವರು ‘ಶೇ 90 ನಿಖರ’ ಎಂದರೆ ಬೆರಗಾಗಬೇಡಿ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ನಿಮ್ಮಲ್ಲಿ 10,000 ವಿತರಣಾ ಟ್ರಾನ್ಸ್‌ಫಾರ್ಮರ್ ಇವೆ, ವರ್ಷಕ್ಕೆ ಶೇ 3, ಅಂದರೆ 300 ಕೆಡುತ್ತವೆ ಎಂದುಕೊಳ್ಳಿ. ‘ಯಾವುದೂ ಕೆಡುವುದಿಲ್ಲ’ ಎಂದು ಕಣ್ಣುಮುಚ್ಚಿ ಹೇಳಿದರೂ ಶೇ 97 ನಿಖರ! ಈಗ ಅವರ ಮಾಡೆಲ್ ಆ 300ರಲ್ಲಿ 240 ಹಿಡಿಯುತ್ತದೆ, ಕೆಡದಿರುವ 9,700ರಲ್ಲಿ ಶೇ 10, ಅಂದರೆ 970ಕ್ಕೆ ಸುಳ್ಳು ಎಚ್ಚರಿಕೆ ಕೊಡುತ್ತದೆ ಎನ್ನಿ. ಒಟ್ಟು 1,210 ಎಚ್ಚರಿಕೆ, ಐದರಲ್ಲಿ ಒಂದು ಮಾತ್ರ ನಿಜ. ಇದು ಕೆಟ್ಟ ಫಲಿತಾಂಶ ಎಂದೇನಲ್ಲ. 1,210 ಕಡೆ ಹೋಗಿ ಎಣ್ಣೆ, ಲೋಡ್, ಅರ್ಥಿಂಗ್ ನೋಡಲು ನಿಮ್ಮಲ್ಲಿ ಜನ ಇದ್ದರೆ, ಆ ಭೇಟಿಯ ಖರ್ಚು ಕೆಡದಂತೆ ಉಳಿಸಿಕೊಂಡ ಟ್ರಾನ್ಸ್‌ಫಾರ್ಮರ್‌ಗಳ ಬೆಲೆಗಿಂತ ಕಡಿಮೆಯಾದರೆ, ಧಾರಾಳವಾಗಿ ಮಾಡಿ. ಜನ ಇಲ್ಲದಿದ್ದರೆ ಆ ಪಟ್ಟಿ ನಾನು ಮೇಲೆ ಹೇಳಿದ ಇಮೇಲ್ ಖಾತೆಗೇ ಹೋಗಿ ಬೀಳುತ್ತದೆ. ಮಾಡೆಲ್ ಮೌನವಾಗಿದೆ ಎಂದರೆ ಎಲ್ಲ ಕ್ಷೇಮ ಎಂದೂ ತಿಳಿಯಬೇಡಿ. 2003ರ ಆಗಸ್ಟ್ 14ರಂದು ಓಹಾಯೋದ ನಿಯಂತ್ರಣ ಕೊಠಡಿಯೊಂದರಲ್ಲಿ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತುಹೋಗಿತ್ತು. ಅಲಾರಂ ಬರುತ್ತಿಲ್ಲವಾದ್ದರಿಂದ ಎಲ್ಲವೂ ಸರಿಯಾಗಿದೆ ಎಂದೇ ಆಪರೇಟರ್‌ಗಳು ಒಂದು ಗಂಟೆಗೂ ಹೆಚ್ಚು ಕಾಲ ಭಾವಿಸಿದ್ದರು. ಆ ದಿನ ಐದು ಕೋಟಿ ಜನಕ್ಕೆ ಕರೆಂಟ್ ಹೋಯಿತು.

ಹಾಗಾಗಿ ಆರು ತಿಂಗಳ ಉಚಿತ ಬಳಕೆಗೆ ಒಪ್ಪುವ ಮೊದಲು ಒಂದು ಸಣ್ಣ ಪರೀಕ್ಷೆ ಕೊಡಿ. ಹಿಂದಿನ ನಾಲ್ಕು ವರ್ಷದ ಲೋಡ್, ದುರಸ್ತಿ, ತಪಾಸಣೆ ದಾಖಲೆಗಳನ್ನು, ಸ್ಥಳದ ಹೆಸರು ತೆಗೆದು ಬರೀ ಕ್ರಮಸಂಖ್ಯೆ ಇಟ್ಟು, ಅವರಿಗೆ ಕಳಿಸಿ. ಐದನೆಯ ವರ್ಷದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಐದನೆಯ ವರ್ಷದಲ್ಲಿ ಕೆಡುವ ಸಾಧ್ಯತೆ ಅತಿ ಹೆಚ್ಚಿರುವ 500 ಟ್ರಾನ್ಸ್‌ಫಾರ್ಮರ್‌ಗಳ ಪಟ್ಟಿ ಕೊಡಿ ಎಂದು ಕೇಳಿ. ಜೊತೆಗೇ ನಿಮ್ಮ ಇಬ್ಬರು ಹಿರಿಯ ನಿರ್ವಹಣಾ ಎಂಜಿನಿಯರ್‌ಗಳನ್ನು ಕೂರಿಸಿ, ಅದೇ ದಾಖಲೆಗಳಿಂದ ವಯಸ್ಸು, ಓವರ್‌ಲೋಡ್, ಹಿಂದಿನ ದುರಸ್ತಿ, ಈ ಮೂರನ್ನೇ ನೋಡಿ ಇನ್ನೊಂದು 500ರ ಪಟ್ಟಿ ಮಾಡಿಸಿ. ಅವರಿಗೂ ಐದನೆಯ ವರ್ಷದ ದಾಖಲೆ ತೋರಿಸಬೇಡಿ. ಆಮೇಲೆ ಎರಡೂ ಪಟ್ಟಿಗಳನ್ನು ಆ ವರ್ಷ ನಿಜವಾಗಿ ಸುಟ್ಟವುಗಳ ಪಕ್ಕದಲ್ಲಿಟ್ಟು ಎಣಿಸಿ. ಮಾಡೆಲ್‌ನ ಪಟ್ಟಿ ನಿಮ್ಮವರದಕ್ಕಿಂತ ಸ್ಪಷ್ಟವಾಗಿ ಮುಂದಿದ್ದರೆ ನಿರ್ವಹಣಾ ವಿಭಾಗದ ಮುಖ್ಯಸ್ಥರ ಸಹಿ ಪಡೆದು ಮುಂದುವರಿಯಿರಿ. ಸರಿಸಮವಾಗಿದ್ದರೆ ಆ ಇಬ್ಬರು ಎಂಜಿನಿಯರ್‌ಗಳ ಪಟ್ಟಿಯನ್ನೇ ಈ ವರ್ಷದ ತಪಾಸಣೆಗೆ ಬಳಸಿ. ಮಾರಾಟಗಾರರು ಈ ಪರೀಕ್ಷೆಗೇ ಒಪ್ಪದಿದ್ದರೆ ನಿಮ್ಮ ಆರು ತಿಂಗಳು ಉಳಿಯಿತು.